ಉಳುಮೆ ಕಡಿಮೆ ಮಾಡುದಾ, ಹುಲ್ಲಿನ ಸರದಿ ಹಿಡಿಯುದಾ? ನಮ್ಮ ಕರಾವಳಿಯ ಸಾಲು ಬೆಳೆಗೆ ಯಾವುದು ಹೊಂದ್ತದೆ

ನವೆಂಬರ್ ಬಂತು ಅಂದ್ರೆ ಬ್ರಹ್ಮಾವರದಿಂದ ಬೈಂದೂರಿನವರೆಗೂ ಒಂದೇ ಮಾತು, ಭತ್ತ ಕಟಾವು ಆಯ್ತು, ಇನ್ನು ಗದ್ದೆಗೆ ಎಂತ ಹಾಕುದು, ಎಷ್ಟು ಸಲ ಉಳುದು. ಉದ್ದು ಹಾಕುವವರು ಉಂಟು, ನೆಲಗಡಲೆ ಹಾಕುವವರು ಉಂಟು, ಬಚ್ಚಂಗಾಯಿ (ಕಲ್ಲಂಗಡಿ), ಬೆಂಡೆ, ಬದನೆ, ಗೆಣಸು ಅಂತ ಹೋಗುವವರೂ ಉಂಟು, ಆದ್ರೆ ಬೆಳೆ ಯಾವುದೇ ಇರ್ಲಿ ಟ್ರಾಕ್ಟರ್ ತರಿಸಿ ರೋಟವೇಟರ್ ಎರಡು ಮೂರು ಸಲ ಹೊಡೆಸಿ ಮಣ್ಣು ಪುಡಿಪುಡಿ ಆದ್ಮೇಲೆ ಮಾತ್ರ ನಮ್ಮವರಿಗೆ ಸಮಾಧಾನ. ಗಂಟೆ ಲೆಕ್ಕದ ಬಾಡಿಗೆ ವರ್ಷ ವರ್ಷ ಏರ್ತಾ ಉಂಟು, ಡ್ರೈವರ್ ಸಿಗುದೂ ಕಷ್ಟ, ಮತ್ತೆ ಹೀಗೆ ಪುಡಿ ಮಾಡಿದ ಮಣ್ಣು ಎತ್ತರದ ಬೆಟ್ಟು ಜಾಗದಲ್ಲಾದ್ರೆ ಮೊದಲ ಜೋರು ಮಳೆಗೇ ತೋಡಿಗೆ ಇಳಿತದೆ. ಜೂನ್ ಮೊದಲ ವಾರದಲ್ಲಿ ತೋಡಿನ ನೀರು ಯಾಕೆ ಅಷ್ಟು ಕೆಂಪು ಅಂತ ಕೇಳಿದ್ರೆ ಉತ್ತರ ನಮ್ಮ ಗದ್ದೆಯಲ್ಲೇ ಉಂಟು.

ಇದಕ್ಕೆ ಪರಿಹಾರ ಅಂತ ಎರಡು ದಾರಿ ಹೇಳ್ತಾರೆ. ಒಂದು, ಉಳುಮೆ ಕಡಿಮೆ ಮಾಡಿ ಹಿಂದಿನ ಬೆಳೆಯ ಕೂಳೆ, ಹುಲ್ಲು ಎಲ್ಲ ಮಣ್ಣಿನ ಮೇಲೇ ಬಿಡುದು. ಇನ್ನೊಂದು, ಎರಡು ವರ್ಷ ಜಾಗದಲ್ಲಿ ಮೇವಿನ ಹುಲ್ಲು ಬೆಳೆಸಿ ಆಮೇಲೆ ಸಾಲು ಬೆಳೆಗೆ ಬರುದು. ಯಾವುದು ಒಳ್ಳೇದು ಅಂತ ಕೇಳುವವರಿಗೆ ನಾನು ಮೊದಲು ಎರಡು ವಿಷಯ ಕೇಳ್ತೇನೆ, ನಿಮ್ಮದು ನೀರು ನಿಲ್ಲುವ ತಗ್ಗಿನ ಬೈಲಾ, ನಡುಮಟ್ಟದ ಮಜಲಾ, ಎತ್ತರದ ಬೆಟ್ಟಾ, ಮತ್ತೆ ಹಟ್ಟಿಯಲ್ಲಿ ದನ ಉಂಟಾ ಇಲ್ವಾ. ಇದಕ್ಕೆ ಉತ್ತರ ಸಿಕ್ಕಿದ್ರೆ ಆಯ್ಕೆ ಅರ್ಧ ಮುಗೀತು.

ಉಳುಮೆ ಕಡಿಮೆ ಅಂದ್ರೆ ಎಷ್ಟು ಕಡಿಮೆ

ಸಂರಕ್ಷಣಾ ಬೇಸಾಯ ಅಂತ ಕರಿಯುವುದಕ್ಕೆ ಅಮೆರಿಕದಲ್ಲಿ ಒಂದು ಅಳತೆ ಇಟ್ಟುಕೊಂಡಿದ್ದಾರೆ, ಬಿತ್ತನೆ ಆದ ಮೇಲೂ ನೆಲದ ಕನಿಷ್ಠ ಶೇಕಡಾ 30 ಭಾಗ ಹಿಂದಿನ ಬೆಳೆಯ ಉಳಿಕೆಯಿಂದ ಮುಚ್ಚಿರಬೇಕು. ಅಂದಾಜಿನಲ್ಲಿ ಹೇಳಿದ್ರೆ ಎಲ್ಲರದ್ದೂ 30 ಆಗ್ತದೆ, ಹಾಗಾಗಿ ಅಳೆದೇ ನೋಡಿ, ಕಷ್ಟ ಎಂತ ಇಲ್ಲ. ಒಂದು ಉದ್ದ ಹಗ್ಗ ತಗೊಂಡು ಸಮ ಅಂತರದಲ್ಲಿ 100 ಗಂಟು ಹಾಕಿ, ಸಾಲಿಗೆ ಓರೆಯಾಗಿ ಗದ್ದೆಗೆ ಎಳೆದು ಕಟ್ಟಿ, ಒಂದು ತುದಿಯಿಂದ ನಡೀತಾ ಪ್ರತಿ ಗಂಟಿನ ಕೆಳಗೆ ಹುಲ್ಲಿನ ತುಂಡು ಉಂಟಾ ಬರೀ ಮಣ್ಣಾ ಅಂತ ನೇರ ಮೇಲಿಂದ ನೋಡಿ ಲೆಕ್ಕ ಹಾಕಿ. 42 ಗಂಟಿನಡಿ ಹುಲ್ಲು ಸಿಕ್ಕಿದ್ರೆ ಶೇಕಡಾ 42. ಮೂರು ನಾಲ್ಕು ಕಡೆ ಮಾಡಿ ಸರಾಸರಿ ತೆಗೀರಿ. ಬೇಲರ್ ತರಿಸಿ ಹುಲ್ಲೆಲ್ಲ ಕಟ್ಟಿ ಮಾರಿದ ಗದ್ದೆಯಲ್ಲಿ ಬರೀ ಕೂಳೆ ಉಳಿದಿರ್ತದೆ, ಅಲ್ಲಿ 30 ಸಿಗುದು ಕಷ್ಟ, ಇದು ಮೊದಲೇ ಗೊತ್ತಿರ್ಲಿ.

ಇದರೊಳಗೂ ಎರಡು ಬಗೆ ನಮಗೆ ಉಪಯೋಗ ಆಗುವಂಥದ್ದು. ಶೂನ್ಯ ಉಳುಮೆ, ಅಂದ್ರೆ ಉಳುದೇ ಇಲ್ಲ, ಕೂಳೆಯ ನಡುವೆಯೇ ಬೀಜ ಊರುದು. ಮತ್ತೆ ಪಟ್ಟಿ ಉಳುಮೆ, ಬೀಜ ಬೀಳುವ ಸಾಲಿನಲ್ಲಿ ಮಾತ್ರ 20-25 ಸೆಂಟಿಮೀಟರ್ ಅಗಲ ಸಡಿಲ ಮಾಡಿ ನಡುವಿನ ಜಾಗ ಹಾಗೇ ಬಿಡುದು. ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಸ್ ಅನ್ನುವ ರೈತರು 1972ರಲ್ಲಿ ಉಳುಮೆ ಬಿಟ್ಟದ್ದು ಯಾಕೆ ಅಂದ್ರೆ ಜೋರು ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುದನ್ನು ತಡೀಲಿಕ್ಕೆ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ನಮಗೆ ಈ ಕಾರಣ ಅರ್ಥ ಆಗದೆ ಇರುದಿಲ್ಲ.

ಹುಲ್ಲಿನ ಸರದಿ ಎಲ್ಲಿಂದ ಬಂತು

ಇದರ ಹೆಚ್ಚಿನ ಕೆಲಸ ಆದದ್ದು ಅಮೆರಿಕದ ಆಗ್ನೇಯ ಭಾಗದಲ್ಲಿ, ಫ್ಲೋರಿಡಾ ಮತ್ತು ಅಲಬಾಮಾ ಕಡೆ, ಅಲ್ಲಿನ ವಿಶ್ವವಿದ್ಯಾಲಯದವರು ನೆಲಗಡಲೆ ಹತ್ತಿ ಬೆಳೆಯುವ ರೈತರಿಗಾಗಿ ಮಾಡಿದ್ದು. ಎರಡು ವರ್ಷ ಬಹಿಯಾ ಅನ್ನುವ ಹುಲ್ಲು, ಮೂರನೇ ವರ್ಷ ನೆಲಗಡಲೆ, ನಾಲ್ಕನೇ ವರ್ಷ ಹತ್ತಿ, ಆಮೇಲೆ ಮತ್ತೆ ಹುಲ್ಲು. ಹುಲ್ಲು ಇರುವ ವರ್ಷ ದನ ಮೇಯ್ತದೆ. ಅಲ್ಲಿಯ ಮಣ್ಣೂ ನಮ್ಮ ಹಾಗೇ, ಹುಳಿ (ಆಮ್ಲೀಯ) ಮಣ್ಣು, ಮೇಲ್ಪದರ ಮರಳು, ಸಾವಯವ ಅಂಶ ಕಡಿಮೆ, ಮಳೆ ಬಿಸಿಲು ಎರಡೂ ಜೋರು, ಅದಕ್ಕೇ ಈ ಪದ್ಧತಿ ಬಗ್ಗೆ ನಾವು ಕರಾವಳಿಯವರು ಸ್ವಲ್ಪ ಗಮನ ಕೊಟ್ಟು ನೋಡಬೇಕು ಅಂತ ನಾನು ಹೇಳುದು.

ಸರದಿಯ ಕ್ರಮ ಸುಮ್ಮನೆ ಇಟ್ಟದ್ದಲ್ಲ. ಹುಲ್ಲು ಸಾಯಿಸಿದ ಕೂಡಲೇ ಮಣ್ಣಲ್ಲಿ ಬೇರು ತುಂಬಿರ್ತದೆ, ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕ ಎಲ್ಲ ತಾವೇ ಹಿಡಿದಿಟ್ಟುಕೊಳ್ತವೆ, ಆಗ ಜೋಳವನ್ನೋ ಬೆಂಡೆಯನ್ನೋ ಹಾಕಿದ್ರೆ ಹಳದಿ ಆಗಿ ನಿಲ್ತದೆ. ನೆಲಗಡಲೆ ತನ್ನ ಸಾರಜನಕ ತಾನೇ ಮಾಡಿಕೊಳ್ತದೆ, ಹಾಗಾಗಿ ಹುಲ್ಲಿನ ಹಿಂದೆ ಮೊದಲ ಬೆಳೆ ಅದೇ ಆಗಬೇಕು. ನಮ್ಮಲ್ಲಿ ಹತ್ತಿ ಇಲ್ಲ, ಅದರ ಜಾಗಕ್ಕೆ ಮಳೆಗಾಲದ ಊರ ಬೆಂಡೆ, ಸ್ವೀಟ್ ಕಾರ್ನ್, ಬದನೆ, ಗೆಣಸು ಯಾವುದೂ ಆಗ್ತದೆ.

ಗಟ್ಟಿ ಪದರದ ವಿಷಯ, ಇಲ್ಲೇ ಎರಡೂ ದಾರಿ ಬೇರೆ ಆಗುದು

ಪ್ರತಿ ವರ್ಷ ಒಂದೇ ಆಳಕ್ಕೆ ರೋಟವೇಟರ್ ಹೊಡೆದ ಜಾಗದಲ್ಲಿ ಆ ಆಳದ ಕೆಳಗೆ ಒಂದು ಗಟ್ಟಿ ಪದರ ಕೂತಿರ್ತದೆ. ನೋಡಬೇಕಾದ್ರೆ ಮಣ್ಣು ಹದವಾಗಿ ಒದ್ದೆ ಇರುವಾಗ ಒಂದು ಕಬ್ಬಿಣದ ಸರಳು ಕೈಯಲ್ಲೇ ಒತ್ತಿ, ಸಲೀಸಾಗಿ ಹೋಗ್ತಾ ಹೋಗ್ತಾ ಒಂದು ಕಡೆ ಟಕ್ ಅಂತ ನಿಲ್ತದೆ, ಅಲ್ಲಿ ಬೆರಳು ಹಿಡಿದು ತೆಗೆದು ಅಳತೆ ಮಾಡಿ. ಇನ್ನೂ ಸರಿ ಗೊತ್ತಾಗಬೇಕಾದ್ರೆ ಬೆಂಡೆ ಗಿಡ ಒಂದನ್ನು ಎಳೆಯದೆ ಸುತ್ತ ಅಗೆದು ಬೇರಿನ ಸಮೇತ ತೆಗೀರಿ. ತಾಯಿ ಬೇರು ನೇರ ಇಳಿದು ಅರ್ಧ ಅಡಿಯಲ್ಲಿ ಒಮ್ಮೆಲೆ ಅಡ್ಡಕ್ಕೆ ತಿರುಗಿ ದಪ್ಪ ಆಗಿ ಹೋಗಿದ್ರೆ, ಗಿಡಕ್ಕೆ ಕೆಳಗಿನ ನೀರು ಸಿಗ್ತಾ ಇಲ್ಲ, ಅದಕ್ಕೇ ಫೆಬ್ರವರಿ ಬಿಸಿಲಿಗೆ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೂ ಮಧ್ಯಾಹ್ನ ಬಾಡುದು.

ಬರೀ ಉಳುಮೆ ನಿಲ್ಲಿಸಿದ್ರೆ ಈ ಪದರ ಬೇಗ ಒಡೆಯುದಿಲ್ಲ. ಎರೆಹುಳ, ಹಳೆ ಬೇರಿನ ತೂತು ಎಲ್ಲ ಸೇರಿ ಸಡಿಲ ಆಗ್ತದೆ ನಿಜ, ಆದ್ರೆ ವರ್ಷಗಟ್ಟಲೆ ಬೇಕು. ಹುಲ್ಲಿನ ಬೇರು ಈ ಕೆಲಸ ಬೇಗ ಮಾಡ್ತದೆ, ಬಹಿಯಾ ಹುಲ್ಲಿನ ಬೇರು ಆ ಗಟ್ಟಿ ಪದರವನ್ನು ದಾಟಿ ಕೆಳಗೆ ಹೋಗ್ತದೆ, ಹುಲ್ಲು ಸತ್ತ ಮೇಲೆ ಬೇರು ಕೊಳೆತು ದಾರಿ ಬಿಡ್ತದೆ, ಮುಂದಿನ ಹತ್ತಿಯ ಬೇರು ಅದೇ ದಾರಿಯಲ್ಲಿ ಇಳಿದು ಆಳದ ತೇವ ಕುಡೀತದೆ. ಯಂತ್ರದಲ್ಲಿ ಒಡೆದ ಪದರ ಒಂದೆರಡು ಮಳೆಗಾಲದಲ್ಲಿ ಪುನಃ ಕೂರ್ತದೆ, ಬೇರಿನ ದಾರಿ ಹಾಗೆ ಬೇಗ ಮುಚ್ಚುದಿಲ್ಲ. ನನಗೆ ಹುಲ್ಲಿನ ಸರದಿಯ ಬಗ್ಗೆ ಗೌರವ ಹುಟ್ಟಿದ್ದೇ ಈ ಒಂದು ವಿಷಯಕ್ಕೆ.

ಆದ್ರೆ ಒಂದು ನಿಮಿಷ, ಬೈಲು ಗದ್ದೆಯವರು ಇದನ್ನು ಓದಿ ಪದರ ಒಡೀಲಿಕ್ಕೆ ಹೊರಡಬೇಡಿ ಮಾರಾಯ್ರೆ! ಭತ್ತದ ಗದ್ದೆಯಲ್ಲಿ ನಾವು ಕೆಸರು ಮಾಡಿ ಮಾಡಿ ಆ ಪದರ ಕಟ್ಟಿದ್ದೇ ನೀರು ನಿಲ್ಲಲಿ ಅಂತ. ಅದು ಹೋದ್ರೆ ಏಣೇಲು, ಅಂದ್ರೆ ಮಳೆಗಾಲದ ಭತ್ತದ ಬೆಳೆಗೆ ನೀರು ನಿಲ್ಲುದಿಲ್ಲ. ಬೈಲಿನಲ್ಲಿ ಆ ಪದರ ಆಸ್ತಿ, ಬೆಟ್ಟಿನಲ್ಲಿ ಅದೇ ಪದರ ತೊಂದರೆ. ಬೇರೆ ದೇಶದ ಸಲಹೆ ಓದುವಾಗ ಇಷ್ಟು ವ್ಯತ್ಯಾಸ ನಾವೇ ಮಾಡಿಕೊಳ್ಳಬೇಕು.

ಬೈಲಿಗೆ ನನ್ನ ಮಾತು

ಏಣೇಲು ಭತ್ತ ಆದ ಮೇಲೆ ಶೂನ್ಯ ಉಳುಮೆಯಲ್ಲಿ ಉದ್ದು, ಹೆಸರು, ಅಲಸಂಡೆ. ಇದಕ್ಕಿಂತ ಕಡಿಮೆ ಖರ್ಚಿನ ಬೆಳೆ ಇಲ್ಲ. ಕಟಾವಿಗೆ ಒಂದು ವಾರ ಹತ್ತು ದಿನ ಮುಂಚೆ ನಿಂತ ಭತ್ತದೊಳಗೇ ಉದ್ದು ಚೆಲ್ಲುವ ಕ್ರಮ ತಮಿಳುನಾಡು ಆಂಧ್ರದ ನದಿಮುಖಜ ಪ್ರದೇಶಗಳಲ್ಲಿ ದೊಡ್ಡ ಮಟ್ಟದಲ್ಲಿ ಉಂಟು. ನಮ್ಮಲ್ಲಿ ಕೈಯಲ್ಲಿ ಕೊಯ್ಯುವ ಸಣ್ಣ ಗದ್ದೆಗೆ ಅದು ಸರಿ ಆಗ್ತದೆ, ಕಟಾವು ಯಂತ್ರ ಬರುವ ಗದ್ದೆಯಾದ್ರೆ ಅದರ ಪಟ್ಟಿ ಹೋದ ದಾರಿಯಲ್ಲಿ ಬೀಜ ಹೂತು ಹೋಗ್ತದೆ, ಅಂಥಲ್ಲಿ ಕಟಾವು ಆದ ಮರುದಿನವೇ ತೇವ ಇರುವಾಗ ಕೂಳೆ ಸಾಲಿನ ನಡುವೆ ಬೀಜ ಊರುದು ಒಳ್ಳೇದು. ಒಂದು ವಾರ ತಡ ಮಾಡಿದ್ರೆ ತೇವ ಹೋಯ್ತು, ಬೆಳೆ ಹೋಯ್ತು ಅಂತಲೇ ತಿಳ್ಕೊಳ್ಳಿ, ಮತ್ತೆ ಉಳದೆ ಬಿತ್ತುವುದರ ದೊಡ್ಡ ಲಾಭ ಇರುದೂ ಇಲ್ಲೇ, ಟ್ರಾಕ್ಟರಿಗೆ ಕಾಯುವ ದಿನಗಳು ಉಳೀತವೆ.

ತೊಂದರೆ ಇಲ್ಲ ಅಂತಲ್ಲ. ಕೂಳೆ ಮತ್ತೆ ಚಿಗುರಿ ಉದ್ದಿನ ತೇವ ಕುಡೀತದೆ, ನೆಲಕ್ಕೆ ತಾಗಿಸಿ ಕೊಯ್ದರೆ ಇದು ಕಡಿಮೆ. ಜೇಕು ಕಳೆ ಇರುವ ಗದ್ದೆಯಲ್ಲಿ ಶೂನ್ಯ ಉಳುಮೆ ಬೇಡವೇ ಬೇಡ, ಅದರ ಗಡ್ಡೆಗೆ ಇದು ಹಬ್ಬ. ಗೊಬ್ಬರ ಮಣ್ಣಿಗೆ ಸೇರಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಹೂ ಬರುವಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ ಶೇಕಡಾ 2ರ ಡಿಎಪಿ ದ್ರಾವಣ ಎಲೆಗೆ ಸಿಂಪಡಿಸುದು ರೂಢಿ, ಅಂದ್ರೆ 100 ಲೀಟರಿಗೆ 2 ಕೆಜಿ, ಹಿಂದಿನ ರಾತ್ರಿ ನೆನೆಸಿಟ್ಟು ಮರುದಿನ ಮೇಲಿನ ತಿಳಿ ಮಾತ್ರ ತಗೊಳ್ಳಬೇಕು, ಇಲ್ಲದಿದ್ರೆ ಪಂಪಿನ ನಾಝಲ್ ಕಟ್ಟಿಕೊಳ್ತದೆ.

ಬೈಲಿಗೆ ಹುಲ್ಲಿನ ಸರದಿ ನಾನು ಹೇಳುದಿಲ್ಲ. ನೇಪಿಯರ್ ಹುಲ್ಲಾದ್ರೆ ನೀರು ನಿಂತರೆ ಬುಡ ಕೊಳೀತದೆ, ಪ್ಯಾರಾ ಹುಲ್ಲು ನಿಲ್ತದೆ ಆದ್ರೆ ಅದು ಒಮ್ಮೆ ತೋಡಿಗೆ ಇಳಿದ್ರೆ ಮುಂದೆ ನೀರು ಹೋಗ್ಲಿಕ್ಕೆ ದಾರಿ ಬಿಡುದಿಲ್ಲ, ಪಕ್ಕದ ಗದ್ದೆಯವರ ಹತ್ರ ಜಗಳ ಬೇಡ. ಭತ್ತವನ್ನು ಎರಡು ವರ್ಷ ನಿಲ್ಲಿಸುದು ಅಂದ್ರೆ ಅಂಚು ಹೋಗ್ತದೆ, ಕಾಡು ಬರ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತಂದ ಸಮಯದಲ್ಲಿ ಒಂದು ಬಿಟ್ಟ ಗದ್ದೆಯನ್ನು ಪುನಃ ಸರಿ ಮಾಡ್ಲಿಕ್ಕೆ ಎಷ್ಟು ಕೆಲಸ ಅಂತ ಎಲ್ಲರೂ ನೋಡಿದ್ದೇವೆ.

ಮಜಲಿಗೆ ಪಟ್ಟಿ ಉಳುಮೆ, ಆದ್ರೆ ಎಲ್ಲ ಬೆಳೆಗೆ ಅಲ್ಲ

ಪಟ್ಟಿ ಉಳುಮೆ ಹುಟ್ಟಿದ್ದು ಸಾಲಿಂದ ಸಾಲಿಗೆ 90 ಸೆಂಟಿಮೀಟರ್ ಬಿಡುವ ಊರಲ್ಲಿ. ನಮ್ಮ ನೆಲಗಡಲೆಗೆ ಸಾಲು 30 ಸೆಂಟಿಮೀಟರ್, ಅದರಲ್ಲಿ 20 ಸೆಂಟಿಮೀಟರ್ ಪಟ್ಟಿ ಉಳುದು ಅಂದ್ರೆ ಬಿಡುದು ಎಂತ? ಮತ್ತೆ ನೆಲಗಡಲೆ ಕೀಳುವಾಗ ಮಣ್ಣು ಹೇಗೂ ಬುಡಮೇಲು ಆಗ್ತದೆ. ಹಾಗಾಗಿ ನೆಲಗಡಲೆಗೆ ಒಮ್ಮೆ ಹದವಾಗಿ ಉಳಿ, ಪುಡಿ ಮಾಡ್ಲಿಕ್ಕೆ ಹೋಗಬೇಡಿ, ಕಾಯಿ ಕಟ್ಟುವ ಹೂವಿನ ಸೂಜಿ ಮಣ್ಣಿಗೆ ಇಳಿಯುವಷ್ಟು ಸಡಿಲ ಇದ್ರೆ ಸಾಕು. ಕುಂದಾಪುರ ಬೈಂದೂರು ಕಡೆಯ ಮರಳು ಮಣ್ಣಿಗಂತೂ ಮೂರು ಸಲದ ಉಳುಮೆ ಬರೀ ಡೀಸೆಲ್ ಖರ್ಚು.

ಪಟ್ಟಿ ಉಳುಮೆ ಚಂದ ಕೂರುದು ಅಗಲ ಸಾಲಿನ ಬೆಳೆಗೆ. ಬೆಂಡೆ, ಸ್ವೀಟ್ ಕಾರ್ನ್ 60 ಸೆಂಟಿಮೀಟರ್, ಬದನೆ ಇನ್ನೂ ಅಗಲ, ಬಚ್ಚಂಗಾಯಿಗೆ ಎರಡು ಎರಡೂವರೆ ಮೀಟರ್. ಬಚ್ಚಂಗಾಯಿ ಗದ್ದೆ ಇಡೀ ಉಳುವವರನ್ನು ಕಂಡ್ರೆ ನನಗೆ ಸಂಕಟ ಆಗ್ತದೆ, ಬಳ್ಳಿ ಹರಡುವ ಜಾಗಕ್ಕೆ ಉಳುಮೆ ಎಂತಕ್ಕೆ, ಅಲ್ಲಿ ಭತ್ತದ ಹುಲ್ಲು ಹಾಗೇ ಬಿಟ್ಟರೆ ಕಾಯಿ ಅದರ ಮೇಲೆ ಕೂರ್ತದೆ, ಮಣ್ಣು ತಾಗಿ ಕೊಳೆಯುದೂ ಕಡಿಮೆ, ತೇವ ಆರುದೂ ನಿಧಾನ. ಇದಕ್ಕೆ ವಿಶೇಷ ಯಂತ್ರ ಬೇಡ, ಸಣ್ಣ ಪವರ್ ವೀಡರನ್ನು ಹಗ್ಗ ಹಿಡಿದು ಸಾಲಿನ ಮೇಲೆ ಮಾತ್ರ ಓಡಿಸಿದ್ರೆ ಆಯ್ತು. ಹುಲ್ಲು ಮಾತ್ರ ಮಣ್ಣಿನೊಳಗೆ ಸೇರಿಸಬೇಡಿ, ಮೇಲೇ ಇರ್ಲಿ, ಒಳಗೆ ಹೋದ್ರೆ ಮೊದಲು ಹೇಳಿದ ಸಾರಜನಕದ ಎಳೆದಾಟ ಶುರು ಆಗ್ತದೆ. ಗೆದ್ದಲು ಬರ್ತದೆ, ಬರಲಿ, ಒಣ ಹುಲ್ಲು ಸಿಗುವ ತನಕ ಅದು ಹಸಿ ಗಿಡಕ್ಕೆ ಹೆಚ್ಚು ಹೋಗುದಿಲ್ಲ.

ಬೆಟ್ಟಿಗೆ ಹುಲ್ಲು, ಹಟ್ಟಿ ಇದ್ದರೆ ಮಾತ್ರ

ಬಾವಿ ಮತ್ತೆ ಸ್ಪ್ರಿಂಕ್ಲರ್ ಇರುವ ಬೆಟ್ಟು ಜಾಗ, ಮನೆಯಲ್ಲಿ ಮೂರು ನಾಲ್ಕು ದನ, ಊರ ಡೈರಿಗೆ ಹಾಲು ಹಾಕುವವರು, ಇವರಿಗೆ ನಾನು ಕಣ್ಣು ಮುಚ್ಚಿ ಹುಲ್ಲಿನ ಸರದಿ ಹೇಳ್ತೇನೆ. ಒಂದು ಮಿಶ್ರತಳಿ ದನಕ್ಕೆ ದಿನಕ್ಕೆ 20-25 ಕೆಜಿ ಹಸಿ ಹುಲ್ಲು, ನಾಲ್ಕು ದನ ಅಂದ್ರೆ 100 ಕೆಜಿ ಹತ್ರ ಹತ್ರ. ಇಷ್ಟು ಹುಲ್ಲು ತೋಟದ ಬದಿಯಲ್ಲಿ ಹೆರೆದು ಪೂರೈಸುದಿಲ್ಲ, ಪಶು ಆಹಾರದ ಚೀಲದ ಖರ್ಚು ತಿಂಗಳು ತಿಂಗಳು ಎಲ್ಲರಿಗೂ ಗೊತ್ತು.

"ಎರಡು ವರ್ಷ ಬೆಳೆ ಇಲ್ಲದೆ ಹೇಗೆ" ಅಂತ ಕೇಳ್ತಾರೆ. ಇಡೀ ಜಾಗಕ್ಕೆ ಒಮ್ಮೆಲೆ ಹಾಕುದಲ್ಲ. ಒಂದು ಎಕ್ರೆ ಇದ್ರೆ 25 ಸೆಂಟ್ಸಿನ ನಾಲ್ಕು ತುಂಡು ಮಾಡಿ, ಯಾವ ವರ್ಷ ನೋಡಿದ್ರೂ ಎರಡು ತುಂಡಲ್ಲಿ ಹುಲ್ಲು, ಒಂದರಲ್ಲಿ ನೆಲಗಡಲೆ, ಇನ್ನೊಂದರಲ್ಲಿ ತರಕಾರಿ, ವರ್ಷಕ್ಕೊಂದು ತುಂಡು ಮುಂದೆ ಸರೀತದೆ. ಮೇವು ಯಾವತ್ತೂ 50 ಸೆಂಟ್ಸಿನದ್ದು ಇದ್ದೇ ಇರ್ತದೆ, ಕೈಗೆ ಹಣ ಬರುದೂ ನಿಲ್ಲುದಿಲ್ಲ.

ಈಗ ಮುಖ್ಯ ಮಾತು. ಫ್ಲೋರಿಡಾದಲ್ಲಿ ದನ ಅಲ್ಲೇ ಮೇಯ್ತದೆ, ಅಲ್ಲೇ ಸಗಣಿ ಹಾಕ್ತದೆ. ನಾವು ಕೊಯ್ದು ಹಟ್ಟಿಗೆ ತರುದು. ಕೊಯ್ದ ಹುಲ್ಲಿನ ಜೊತೆ ಸಾರಜನಕ ಪೊಟ್ಯಾಶ್ ಎಲ್ಲ ಗದ್ದೆ ಬಿಟ್ಟು ಹೊರಗೆ ಬರ್ತದೆ, ಅದರಲ್ಲೂ ನೇಪಿಯರ್ ಪೊಟ್ಯಾಶನ್ನು ಸಿಕ್ಕಾಪಟ್ಟೆ ಎಳೀತದೆ. ಹಟ್ಟಿಗೊಬ್ಬರ, ಗಂಜಲದ ನೀರು, ಬಯೋಗ್ಯಾಸಿನ ಸ್ಲರಿ ಇದೆಲ್ಲ ಅದೇ ತುಂಡಿಗೆ ವಾಪಸ್ ಹೋಗಬೇಕು. ಗೊಬ್ಬರ ಎಲ್ಲ ಅಡಿಕೆ ಬುಡಕ್ಕೆ ಹಾಕಿ, ಹುಲ್ಲಿನ ತುಂಡಿಗೆ ಎಂತದೂ ಕೊಡದೆ, ಎರಡು ವರ್ಷ ಆದ ಮೇಲೆ ಮಣ್ಣು ಒಳ್ಳೇದಾಗ್ಲಿಲ್ಲ ಅಂದ್ರೆ ಅದು ಹುಲ್ಲಿನ ತಪ್ಪಲ್ಲ. ದನ ಇಲ್ಲದೆ ಹುಲ್ಲು ಬೆಳೆದು ಮಾರುವವರು ಮಣ್ಣನ್ನೇ ಮಾರಿದ ಹಾಗೆ, ಅಂಥವರಿಗೆ ಪಟ್ಟಿ ಉಳುಮೆ, ಸೆಣಬು ಅಥವಾ ಡಯಾಂಚಾದಂಥ ಹಸಿರೆಲೆ ಗೊಬ್ಬರ ಸಾಕು.

ಯಾವ ಹುಲ್ಲು? ಇಳುವರಿ ನೋಡಿದ್ರೆ ಸಿಒ-4, ಸಿಒ-5 ನೇಪಿಯರ್ ಮುಂದೆ, ನೆಟ್ಟು 75-80 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಆದ್ರೆ ಎರಡು ವರ್ಷ ಆದ ನೇಪಿಯರ್ ಬುಡ ಕೀಳುದು ಅಂದ್ರೆ ಪಿಕ್ಕಾಸಿಗೂ ಬಗ್ಗುದಿಲ್ಲ, ಜೆಸಿಬಿ ತರಿಸಿದ್ರೆ ನಾವು ಉಳಿಸಬೇಕು ಅಂದ ಮಣ್ಣಿನ ರಚನೆ ಅಲ್ಲಿಗೆ ಮುಗೀತು. ಸರದಿಗೆ ನನ್ನ ಆಯ್ಕೆ ಗಿನಿ ಹುಲ್ಲು, ಇಲ್ಲದಿದ್ರೆ ಕಾಂಗೋ ಸಿಗ್ನಲ್. ಇಳುವರಿ ಕಡಿಮೆ, ಆದ್ರೆ ಬುಡ ಹಾರೆಯಲ್ಲಿ ಎಬ್ಬಿಸ್ಲಿಕ್ಕೆ ಆಗ್ತದೆ, ಹುಳಿ ಮಣ್ಣಿಗೂ ಹೊಂದ್ತದೆ. ಹೂ ಬರುವ ಮೊದಲೇ ಕೊಯ್ಯಬೇಕು, ಬೀಜ ಉದುರಿದ್ರೆ ಮುಂದಿನ ತರಕಾರಿಗೆ ಅದೇ ಕಳೆ. ನೇಪಿಯರನ್ನು ಸರದಿಗೆ ತರದೆ ಖಾಯಂ ಆಗಿ ಹಟ್ಟಿಯ ಹಿಂದೆ, ಸ್ಲರಿ ಹರಿಯುವಲ್ಲಿ ಇಟ್ಟುಕೊಳ್ಳಿ.

ಹುಲ್ಲು ಸಾಯಿಸ್ಲಿಕ್ಕೆ ಅಮೆರಿಕದಲ್ಲಿ ಗ್ಲೈಫೋಸೇಟ್ ಹೊಡೀತಾರೆ. ನಮ್ಮಲ್ಲಿ ಬಾವಿ ಗದ್ದೆಯ ಪಕ್ಕದಲ್ಲೇ ಇರ್ತದೆ, ಅದೇ ನೀರು ಕುಡಿಯುದು, ಮೇಲಿಂದ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕ ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತ್ತು. 25 ಸೆಂಟ್ಸಿಗೆ ಅದು ಬೇಕಾಗುದೂ ಇಲ್ಲ. ಅಕ್ಟೋಬರ್ ಕೊನೆಗೆ ನೆಲಮಟ್ಟಕ್ಕೆ ಕೊಯ್ದು, ಬುಡವನ್ನು ಹಾರೆಯಲ್ಲಿ ಎಬ್ಬಿಸಿ ಬೇರು ಮೇಲೆ ಮಾಡಿ ಬಿಸಿಲಿಗೆ ಬಿಟ್ಟರೆ ಒಂದು ತಿಂಗಳಲ್ಲಿ ಒಣಗ್ತದೆ, ಡಿಸೆಂಬರಿಗೆ ನೆಲಗಡಲೆ ಹಾಕ್ಲಿಕ್ಕೆ ಜಾಗ ತಯಾರು.

ರೋಗದ ಲೆಕ್ಕದಲ್ಲಿ ಹುಲ್ಲಿನ ಸರದಿ ಸ್ಪಷ್ಟವಾಗಿ ಮೇಲೆ. ನೆಲಗಡಲೆಯ ಬುಡ ಕೊಳೆ ರೋಗದ ಶಿಲೀಂಧ್ರ, ಬೇರಿಗೆ ಗಂಟು ಮಾಡುವ ಜಂತುಹುಳ, ಇವಕ್ಕೆ ಹುಲ್ಲಿನಲ್ಲಿ ಊಟ ಸಿಗುದಿಲ್ಲ, ಎರಡು ವರ್ಷದಲ್ಲಿ ಸಂಖ್ಯೆ ಇಳೀತದೆ. ಬದನೆ ಮೆಣಸಿಗೆ ಬರುವ ಸೊರಗು ರೋಗಕ್ಕೂ ಜಾಗ ಬದಲಿಸುದೇ ದೊಡ್ಡ ಮದ್ದು. ಬರೀ ಉಳುಮೆ ಬಿಟ್ಟು ಅದೇ ಜಾಗಕ್ಕೆ ವರ್ಷ ವರ್ಷ ನೆಲಗಡಲೆ ಹಾಕಿದ್ರೆ ಬುಡ ಕೊಳೆ ಕಡಿಮೆ ಆಗುವ ನಂಬಿಕೆ ಬೇಡ, ಆ ಶಿಲೀಂಧ್ರ ಮೇಲೆ ಬಿದ್ದ ಕಸದಲ್ಲೂ ಬದುಕ್ತದೆ.

ಎರಡನ್ನೂ ಸೇರಿಸುದೂ ಆಗ್ತದೆ, ಬ್ರೆಜಿಲಿನಲ್ಲಿ ಮೆಕ್ಕೆಜೋಳದ ಜೊತೆಗೇ ಸಿಗ್ನಲ್ ಜಾತಿಯ ಹುಲ್ಲು ಬಿತ್ತಿ, ಜೋಳ ಕೊಯ್ದ ಮೇಲೆ ದನಕ್ಕೆ ಮೇಯಿಸಿ, ಉಳಿದದ್ದನ್ನು ಹೊದಿಕೆ ಮಾಡಿ ಅದರ ಮೇಲೆಯೇ ಉಳದೆ ಸೋಯಾ ಬಿತ್ತುತ್ತಾರೆ. ನಮ್ಮ ಬೆಟ್ಟಿನಲ್ಲೂ ನೆಲಗಡಲೆ ಆದ ಮರು ಮಳೆಗಾಲಕ್ಕೆ ಬೆಂಡೆಯನ್ನು ಪಟ್ಟಿ ಉಳುಮೆಯಲ್ಲಿ ಹಾಕಿದ್ರೆ ಹುಲ್ಲಿನ ಬೇರು ಮಾಡಿಟ್ಟ ದಾರಿ ಕೆಡುದಿಲ್ಲ.

ಶುರು ಮಾಡುವ ಮೊದಲು ಸುಣ್ಣ

ಇದು ಹೆಚ್ಚಿನವರು ಬಿಟ್ಟುಬಿಡುವ ವಿಷಯ. ನಮ್ಮ ಮುರ (ಜಂಬಿಟ್ಟಿಗೆ) ಮಣ್ಣು ಹುಳಿ, ಸುಣ್ಣ ಬೇಕು, ಮತ್ತೆ ಸುಣ್ಣ ಮಣ್ಣಲ್ಲಿ ಕೆಳಗೆ ಇಳಿಯುದು ತುಂಬಾ ನಿಧಾನ. ಉಳುಮೆ ನಿಲ್ಲಿಸಿದ ಮೇಲೆ ಮೇಲಿಂದ ಚೆಲ್ಲಿದ್ರೆ ಮೇಲಿನ ಒಂದೆರಡು ಇಂಚಿಗೆ ಮಾತ್ರ ತಾಗ್ತದೆ. ಹಾಗಾಗಿ ಉಳುಮೆ ಬಿಡುದಾದ್ರೂ ಸರಿ, ಹುಲ್ಲು ನೆಡುದಾದ್ರೂ ಸರಿ, ಅದಕ್ಕೆ ಮುಂಚಿನ ಕೊನೆಯ ಉಳುಮೆಯಲ್ಲೇ ಸುಣ್ಣ ಸೇರಿಸಬೇಕು. ಎಷ್ಟು ಅಂತ ಪಕ್ಕದ ಮನೆಯವರನ್ನು ಕೇಳಿ ಹಾಕುದಲ್ಲ, ಮಣ್ಣು ಪರೀಕ್ಷೆ ಮಾಡಿಸಿ, ಉಡುಪಿಯವರಿಗೆ ಬ್ರಹ್ಮಾವರದಲ್ಲಿ, ಮಂಗಳೂರಿನವರಿಗೆ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು. ಬೈಲು, ಬೆಟ್ಟು ಎರಡರ ಮಣ್ಣು ಒಟ್ಟಿಗೆ ಸೇರಿಸಿ ಕೊಡಬೇಡಿ, ಬೇರೆ ಬೇರೆ ಚೀಲ, ಬೇರೆ ಬೇರೆ ಚೀಟಿ. ನೆಲಗಡಲೆಗೆ ಹೂ ಬರುವಾಗ ಹಾಕುವ ಜಿಪ್ಸಂ, ಎಕ್ರೆಗೆ 200 ಕೆಜಿ, ಅದು ಕಾಯಿ ಜೊಳ್ಳಾಗದೆ ತುಂಬ್ಲಿಕ್ಕೆ, ಹುಳಿ ತೆಗೀಲಿಕ್ಕೆ ಅಲ್ಲ, ಒಂದರ ಬದಲು ಇನ್ನೊಂದು ಆಗುದಿಲ್ಲ.

ಈ ವರ್ಷವೇ ಮಾಡುವವರು ಬೈಲಿಗೆ ಉದ್ದಿನ ಬೀಜ ಕಟಾವಿಗೆ ಮುಂಚೆಯೇ ತಂದಿಟ್ಟುಕೊಳ್ಳಿ. ಬೆಟ್ಟಿನವರು ಏಪ್ರಿಲಿನಲ್ಲಿ ಮಣ್ಣು ಪರೀಕ್ಷೆ, ಮೇ ತಿಂಗಳ ಮೊದಲ ಮಳೆಗೆ ಸುಣ್ಣ ಹಾಕಿ ಉಳುಮೆ, ಜೂನಿನಲ್ಲಿ ಒಂದು 25 ಸೆಂಟ್ಸಿಗೆ ಮಾತ್ರ ಗಿನಿ ಹುಲ್ಲಿನ ಬುಡ ನೆಡಿ, ಇಳಿಜಾರಿಗೆ ಅಡ್ಡ ಸಾಲಿನಲ್ಲಿ.